ಎಲ್ಲಕ್ಕೂ ಒಂದೇ ನಂಬರು

ನನ್ನ ಅಳಿಯ ಬಕ್ತ್ ಮುನೀರನನ್ನು ಕೊಲೆಗಾರ ಎಂದು ಹಿಡಿದುಕೊಂಡು ಹೋದರು. ಹಿಡಿದವರು ಪೊಲೀಸರು, ಹಿಡಿಸಿಕೊಂಡವನೂ ಪೊಲೀಸನೇ. ಒಂದು ಶುಕ್ರವಾರ ಅವನ ಕೊರಳಿಗೆ ಹಾರ ಹಾಕಿದ ಕೈಗಳೇ ಮುಂದಿನ ಶುಕ್ರವಾರ ಅವನಿಗೆ ಬೇಡಿ ಹಾಕಿದವು. ಇದನ್ನು ಹೇಳಲು ಕುಳಿತರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಡುವೆ ಒಂದೆರಡು ಬೈಗುಳ ಬಂದರೆ ನುಂಗಿಕೊಳ್ಳಿ.

ನಾನು ಶಮ್ರೋಜ್. ಬೆಟ್ಟದೂರು ದರ್ರಾದ ಬಂದೂಕಿನ ಬಜಾರಿನಲ್ಲಿ ನಲವತ್ತು ವರ್ಷ ಪಿಸ್ತೂಲು ಮಾಡಿದವನು. ನನ್ನಪ್ಪ ಮಾಡಿದ್ದೂ ಅದನ್ನೇ, ಅವನಪ್ಪ ಮಾಡಿದ್ದೂ ಅದನ್ನೇ. ನನ್ನ ಗಿರಾಕಿಗಳೆಂದರೆ ಡಕಾಯಿತರು ಎಂದು ನೀವು ಅಂದುಕೊಂಡಿರುತ್ತೀರಿ. ಅಲ್ಲ ಸ್ವಾಮಿ, ಅರ್ಧಕ್ಕರ್ಧ ಪೊಲೀಸರು! ರಜೆಯ ದಿನ ಸಮವಸ್ತ್ರ ಬಿಚ್ಚಿಟ್ಟು, ಹೆಗಲಿಗೆ ಶಾಲು ಹೊದ್ದು ಬರುತ್ತಿದ್ದರು. ನನ್ನ ಹಗ್ಗದ ಮಂಚದ ಮೇಲೆ ಕುಳಿತು ಏಲಕ್ಕಿ ಹಾಕಿದ ಹಸಿರು ಚಹಾ ಕುಡಿಯುತ್ತ, "ಉಸ್ತಾದ್, ಒಂದು ಮೂವತ್ತು ಬೋರಿನ ಪಿಸ್ತೂಲು ಮಾಡ್ಕೊಡು," ಎನ್ನುತ್ತಿದ್ದರು.

"ಯಾಕ್ರೋ, ಸರ್ಕಾರ ನಿಮಗೆ ಬಂದೂಕು ಕೊಟ್ಟಿಲ್ವಾ?"

"ಕೊಟ್ಟಿದೆ ಉಸ್ತಾದ್. ಪೆರೇಡಲ್ಲಿ ಹೆಗಲ ಮೇಲೆ ಇಟ್ಕೊಳ್ಳೋಕೆ ತುಂಬಾ ಚೆನ್ನಾಗಿದೆ."

ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಆ ರೈಫಲ್ಲುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಳಿಗೆ ಸವೆದಿರುತ್ತದೆ, ಸ್ಪ್ರಿಂಗು ಸತ್ತಿರುತ್ತದೆ, ಒಂದು ಗುಂಡು ಹಾರಿದರೆ ಇನ್ನೊಂದು ಒಳಗೇ ಕಚ್ಚಿಕೊಳ್ಳುತ್ತದೆ. ಹೊಸ ರೈಫಲ್ಲುಗಳು ಬರುವುದಿಲ್ಲವೇ? ಬರುತ್ತವೆ. ಅವು ಜಿಲ್ಲೆಯ ಪೊಲೀಸರಿಗೆಲ್ಲ ಮೇಲಿನವರಾದ ದೊಡ್ಡ ಸಾಹೇಬರ ಬಂಗಲೆಯ ಗೇಟಿನಲ್ಲಿ ನಿಂತು ಗುಲಾಬಿ ಕುಂಡ ಕಾಯುತ್ತವೆ, ಸಾಹೇಬರ ಮಕ್ಕಳ ಶಾಲೆಯ ಗಾಡಿಯ ಹಿಂದೆ ಓಡುತ್ತವೆ. ಬೆಟ್ಟದ ದಾರಿಯಲ್ಲಿ ಗಾಡಿ ತಡೆದು ತಪಾಸಣೆ ಮಾಡುವ ನಾಕಾಗಳಲ್ಲಿ ಸಾಯಲು ನಿಲ್ಲಿಸಿದವರ ಕೈಗೆ ಮಾತ್ರ ಹಳೆಯ ತುಕ್ಕು. ಸ್ವಂತ ಆಯುಧ ಇಟ್ಟುಕೊಳ್ಳಬಾರದು ಎಂಬ ಆದೇಶ ಕಾಗದದಲ್ಲಿತ್ತು, ಸ್ವಂತ ಪಿಸ್ತೂಲು ಎಲ್ಲರ ಅಂಗಿಯ ಕೆಳಗಿತ್ತು. ಸಾಹೇಬರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡಿದ್ದರು.

ನನ್ನ ಮಗಳು ಬಸ್‌ಮೀನಾಳನ್ನು ಬಕ್ತ್ ಮುನೀರನಿಗೆ ಕೊಟ್ಟಾಗ ನಾನು ಅಳಿಯನ ಕೈಯಲ್ಲಿ ಇಟ್ಟದ್ದು ಅಂಥದೇ ಒಂದು ಪಿಸ್ತೂಲು. ಹದಿನೆಂಟು ದಿನ ಕುಳಿತು ಮಾಡಿದ್ದೆ. ಬೇರೆಯವರದಕ್ಕೆ ಆರು ದಿನ ಸಾಕು.

"ಮಗಾ, ಇದು ಮದುವೆಗೆ ಕೊಟ್ಟಿದ್ದಲ್ಲ," ಎಂದಿದ್ದೆ. "ನನ್ನ ಮಗಳು ಬಿಳಿ ಸೆರಗು ಹೊದ್ಕೊಂಡು ನನ್ನ ಮನೆಗೆ ವಾಪಸ್ ಬರಬಾರ್ದು ಅಂತ ಕೊಟ್ಟಿದ್ದು."

ಎರಡು ವರ್ಷದ ನಂತರ ಆ ಪಿಸ್ತೂಲು ನನ್ನ ಮಾತು ಉಳಿಸಿತು. ಸ್ಪಿನ್ ತಂಗೈ ನಾಕಾದಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಒಂದು ಪಿಕಪ್ ಬಂದು ನಿಂತಿತು, ಒಳಗಿಂದ ಗುಂಡು ಹಾರಿತು. ಹವಾಲ್ದಾರ್ ತೋರ್‌ಸಮ್ ತೊಡೆಗೆ ಪೆಟ್ಟು ತಿಂದು ಬಿದ್ದ. ಬಕ್ತ್ ಮುನೀರನ ಸರ್ಕಾರಿ ರೈಫಲ್ಲು ಒಂದು ಗುಂಡು ಉಗುಳಿತು, ಎರಡನೆಯದು ಒಳಗೇ ಕಚ್ಚಿಕೊಂಡಿತು. ಅವನು ಅದನ್ನು ನೆಲಕ್ಕೆ ಬಿಸಾಡಿ ನನ್ನ ಪಿಸ್ತೂಲು ಎಳೆದ. ಎಂಟು ಗುಂಡಿಗೆ ಇಬ್ಬರು ಉರುಳಿದರು, ಉಳಿದವರು ಗಾಡಿ ತಿರುಗಿಸಿ ಓಡಿದರು. ನಾಕಾದಲ್ಲಿದ್ದ ನಾಲ್ವರೂ ಉಳಿದರು.

ಆ ಶುಕ್ರವಾರ ಹಾರ, ಪೇಟ, ಫೋಟೊ. ದೊಡ್ಡ ಸಾಹೇಬರು ಬೆನ್ನು ತಟ್ಟಿದರು.

ನಂತರ ಯಾವನೋ ಗುಮಾಸ್ತ ಲೆಕ್ಕ ಹಾಕಿದ. ನಾಕಾದ ರೈಫಲ್ಲುಗಳೆಲ್ಲ ಸೇರಿ ಹಾರಿಸಿದ್ದು ಒಂದೇ ಗುಂಡು, ಸತ್ತವರ ಮೈಯಲ್ಲಿ ಐದು ತೂತು. ಉಳಿದ ಗುಂಡು ಎಲ್ಲಿಂದ ಬಂತು? ಹೀಗೆ ನನ್ನ ಪಿಸ್ತೂಲು ಸಾಹೇಬರ ಮೇಜಿನ ಮೇಲೆ ಹೋಯಿತು. ಅದರ ಮೈಮೇಲೆ ೩೧೦೮೫ ಎಂಬ ನಂಬರು. ಅದರ ಪಕ್ಕದಲ್ಲಿ ಕುಡುಗೋಲಿನ ಹಾಗೆ ಬಾಗಿದ ಒಂದು ಗೀರು.

ನಾಲ್ಕು ವರ್ಷದ ಹಿಂದೆ ಇನ್‌ಸ್ಪೆಕ್ಟರ್ ಗೌಹರ್ ಜಮಾನ್ ಎಂಬುವನನ್ನು ಯಾರೋ ರಸ್ತೆಯಲ್ಲಿ ಕೊಂದು ಅವನ ಸ್ವಂತ ಪಿಸ್ತೂಲು ಕಿತ್ತುಕೊಂಡು ಹೋಗಿದ್ದರು. ಕೊಂದವರು ಸಿಕ್ಕಿರಲಿಲ್ಲ. ಅವನ ಲೈಸೆನ್ಸಿನಲ್ಲಿ ಬರೆದಿದ್ದ ನಂಬರು ೩೧೦೮೫. ಅವನ ತಂದೆ ಹಾಜಿ ಶೇರ್ ಜಮಾನರನ್ನು ಕರೆಸಿ ಪಿಸ್ತೂಲು ತೋರಿಸಿದರು. ಎಂಬತ್ತರ ಮುದುಕರು ಬೆರಳಿಂದ ಆ ಗೀರನ್ನು ಸವರಿ ಅತ್ತರಂತೆ. "ನನ್ನ ಮಗಂದೇ. ನಮ್ಮ ಮನೆ ಮೆಟ್ಟಿಲ ಮೇಲೆ ಬಿದ್ದು ಆದ ಗೀರು ಇದು," ಎಂದರಂತೆ.

ಮುಗಿಯಿತು. ಎರಡನೇ ಶುಕ್ರವಾರ ಬೇಡಿ.

ಬಸ್‌ಮೀನಾ ನನ್ನ ಮನೆಗೆ ಬಂದಳು. ಅಳಲಿಲ್ಲ. ಅಂಗಳದಲ್ಲಿ ನನ್ನೆದುರು ನಿಂತು, "ಬಾಬಾ, ನಾನು ಎಂಟನೇ ಕ್ಲಾಸಲ್ಲಿದ್ದಾಗ ನಿಂಗೆ ಏನು ಹೇಳಿದ್ದೆ?" ಎಂದಳು.

ನನಗೆ ನೆನಪಿತ್ತು. ಅದೇ ಅಂಗಳದಲ್ಲಿ ನಾನು ಅರ ಹಾಕುತ್ತಿದ್ದಾಗ ಅವಳು ಬಾಂಡ್ಲಿಯಲ್ಲಿದ್ದ ಪಿಸ್ತೂಲಿನ ಭಾಗಗಳನ್ನು ತಿರುಗಿಸಿ ನೋಡಿ, "ಬಾಬಾ, ಎಲ್ಲಕ್ಕೂ ಒಂದೇ ನಂಬರು ಹಾಕಿದ್ದೀಯಲ್ಲ," ಎಂದಿದ್ದಳು.

"ನಂಬರೋ ಗಿಂಬರೋ. ಮಾದರೀಲಿ ಹೆಂಗಿದ್ಯೋ ಹಂಗೆ."

"ಚೀನಾದವರು ಒಂದೊಂದಕ್ಕೂ ಬೇರೆ ಬೇರೆ ಹಾಕ್ತಾರೆ ಬಾಬಾ."

"ಚೀನಾದವರಿಗೆ ಬೇರೆ ಕೆಲಸ ಇಲ್ಲ, ಹೋಗು ಚಹಾ ತಾ," ಎಂದು ಓಡಿಸಿದ್ದೆ.

ಆ ಮಾದರಿ ಗೌಹರ್ ಜಮಾನನದೇ. ಒಂಬತ್ತು ವರ್ಷದ ಹಿಂದೆ, ಅವನು ಬದುಕಿದ್ದಾಗ, ಸ್ಪ್ರಿಂಗು ಬದಲಿಸಲು ನನ್ನ ಹತ್ತಿರ ತಂದಿದ್ದ. ಅಸಲಿ ಚೀನಾ ಮಾಲು. ಅವನಿಗೂ ಸರ್ಕಾರಿ ಪಿಸ್ತೂಲಿನ ಮೇಲೆ ನಂಬಿಕೆ ಇರಲಿಲ್ಲ ಪಾಪ. ಮೂರು ದಿನ ನನ್ನಲ್ಲಿತ್ತು. ಅಂಥ ಚಂದದ ವಸ್ತು ಕೈಗೆ ಸಿಕ್ಕರೆ ನಮ್ಮಲ್ಲಿ ಯಾರೂ ಸುಮ್ಮನೆ ವಾಪಸು ಕೊಡುವುದಿಲ್ಲ. ಅಳತೆ ತೆಗೆದೆ, ಅಚ್ಚು ತೆಗೆದೆ, ಅಕ್ಷರ ಅಂಕಿ ಎಲ್ಲ ಕಾಗದಕ್ಕೆ ಒತ್ತಿಕೊಂಡೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನನ್ನ ಕಣ್ಣಿಗೆ ಅದೆಲ್ಲ ಹೂಬಳ್ಳಿಯಿದ್ದ ಹಾಗೆ. ಒಂದು ಬಳ್ಳಿ ಬಿಟ್ಟರೂ ಗಿರಾಕಿ ನಕಲಿ ಎಂದು ಮೂಗು ಮುರಿಯುತ್ತಾನೆ ಎಂದು ಎಲ್ಲವನ್ನೂ ಕೆತ್ತುತ್ತಿದ್ದೆ. ಆ ಗೀರನ್ನೂ ಬಿಡಲಿಲ್ಲ. ಕಂಪನಿಯವರೇ ಹಾಕಿದ ಗುರುತು ಅದು ಎಂದು ತಿಳಿದಿದ್ದೆ! ಒಂಬತ್ತು ವರ್ಷ, ಪಿಸ್ತೂಲಿಗೊಂದರಂತೆ, ಉಳಿ ಹಿಡಿದು ಆ ಮನೆಯ ಮೆಟ್ಟಿಲಿನ ಗೀರನ್ನು ಶ್ರದ್ಧೆಯಿಂದ ಕೆತ್ತಿದ್ದೇನೆ. ನನ್ನ ಕೈಗಿಷ್ಟು ಬೆಂಕಿ ಹಾಕ.

"ನೀನೇ ಬರೆದಿದ್ದು," ಎಂದಳು ಮಗಳು. "ನೀನೇ ಅಳಿಸು."

ಠಾಣೆಗೆ ಹೋಗಿ ಹೇಳಿದೆ. ನಕ್ಕರು. "ಅಳಿಯನ್ನ ಉಳಿಸೋಕೆ ಮಾವ ಕಥೆ ಕಟ್ಕೊಂಡು ಬಂದಿದ್ದಾನೆ." ಆ ಕೊಲೆಯ ಗುಂಡುಗಳ ಜೊತೆ ಹೋಲಿಸಿ ನೋಡಿ ಎಂದೆ. ಆ ಗುಂಡುಗಳು ಕಚೇರಿಯಲ್ಲಿ ಎಲ್ಲೋ ಕಳೆದುಹೋಗಿವೆಯಂತೆ. ಮನೆಯಲ್ಲಿ ಉಳಿದಿದ್ದ ಎರಡು ಪಿಸ್ತೂಲು ತೆಗೆದುಕೊಂಡು ಹೋಗಿ ಅದೇ ನಂಬರು, ಅದೇ ಗೀರು ತೋರಿಸಿದೆ. "ನಿನ್ನೆ ಕೆತ್ಕೊಂಡು ಬಂದಿದ್ದೀಯ," ಎಂದು ಅವೆರಡನ್ನೂ ಕಿತ್ತಿಟ್ಟುಕೊಂಡರು. ನಾಲ್ಕು ವರ್ಷದಿಂದ ಬಗೆಹರಿಯದ ಕೊಲೆ ಒಂದೇ ವಾರದಲ್ಲಿ ಬಗೆಹರಿದಿತ್ತು, ಸಾಹೇಬರಿಗೆ ಬಡ್ತಿಯ ಕಾಗದ ಬರುವುದರಲ್ಲಿತ್ತು. ಸತ್ಯ ಯಾರಿಗೆ ಬೇಕಾಗಿತ್ತು?

ಬೇಕಾದದ್ದು ಎಂದೋ ನನ್ನ ಕೈಬಿಟ್ಟು ಹೋದ ಹಳೆಯ ಪಿಸ್ತೂಲು. ಅಂಥವು ಪೊಲೀಸರ ಹತ್ತಿರವೇ ಇದ್ದವು. ಮೊದಲು ತೋರ್‌ಸಮ್‌ನ ಮನೆಗೆ ಹೋದೆ. ತೊಡೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ಅವನಿಗೆ ಪಿಸ್ತೂಲು ಮಾಡಿಕೊಟ್ಟು ಆರು ವರ್ಷವಾಗಿತ್ತು, ಆ ಕೊಲೆಗಿಂತಲೂ ಹಳೆಯದು.

"ತೆಗೀ ಅದನ್ನ. ಸಾಹೇಬನ ಮುಂದಿಡು. ನಿನ್ನ ಪ್ರಾಣ ಉಳಿಸಿದವನು ನೇಣಿಗೆ ಹೋಗ್ತಾ ಇದ್ದಾನೆ."

"ಕಾಕಾ, ಅದು ಇಲ್ಲ. ಬಾವಿಗೆ ಹಾಕ್ಬಿಟ್ಟೆ."

"ಸುಳ್ಳು ಹೇಳ್ತೀಯಾ? ನಿನ್ನ ಹೆಂಡ್ತಿ ಮೂರು ಸಲ ಹಿಟ್ಟಿನ ಡಬ್ಬಿ ಕಡೆ ನೋಡಿದ್ಲು."

ಅವನು ಗೋಡೆಯ ಕಡೆ ಮುಖ ಮಾಡಿದ. "ಕಾಕಾ, ಸ್ವಂತ ಆಯುಧ ಸಿಕ್ಕಿದವರನ್ನ ಮನೆಗೆ ಕಳಿಸ್ತೀನಿ ಅಂತ ಸಾಹೇಬ್ರು ಹೇಳಿದ್ದಾರೆ. ಕಾಲು ಹೋದ್ರೂ ಹೋಗ್ಲಿ, ನೌಕರಿ ಹೋದ್ರೆ ಐದು ಮಕ್ಕಳಿಗೆ ಏನು ಹಾಕ್ಲಿ?"

"ಮಣ್ಣು ಹಾಕು!" ಎಂದು ಕೂಗಿ ಎದ್ದು ಬಂದೆ. ಹನ್ನೊಂದು ಮನೆಗಳಿಗೆ ಹೋದೆ. ಹನ್ನೊಂದು ಮನೆಯಲ್ಲೂ ಚಹಾ ಕೊಟ್ಟರು, ಪಿಸ್ತೂಲು ಕೊಡಲಿಲ್ಲ. ಒಬ್ಬನಂತೂ, "ನಾನು ಯಾವತ್ತೂ ನಿನ್ನ ಅಂಗಡಿಗೇ ಬಂದಿಲ್ಲ ಉಸ್ತಾದ್," ಎಂದ. ಅವನ ಮಗನ ಹೆಸರಿಡುವ ದಿನ ನಾನು ಕುರಿ ತಿಂದು ಬಂದಿದ್ದೆ. ಗುಂಡಿನೆದುರು ನಿಲ್ಲುವ ಗಂಡಸರು ಒಂದು ತುಂಡು ಕಾಗದಕ್ಕೆ ಇಷ್ಟು ನಡುಗುವುದನ್ನು ನಾನು ಅವತ್ತೇ ನೋಡಿದ್ದು.

ತಿಂಗಳಿಗೊಮ್ಮೆ ದೊಡ್ಡ ಸಾಹೇಬರು ಪೊಲೀಸ್ ಮೈದಾನದಲ್ಲಿ ಶಾಮಿಯಾನ ಹಾಕಿಸಿ, ಮೈಕು ಇಟ್ಟು ಜನರ ದೂರು ಕೇಳುತ್ತಾರೆ. ಯಾರು ಬೇಕಾದರೂ ಎದ್ದು ಮಾತಾಡಬಹುದು. ಆ ದಿನ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ. ಸಾಹೇಬ ಬಂದ. ಮೂವತ್ತೈದರ ಹುಡುಗ, ಕಪ್ಪು ಕನ್ನಡಕ, ಇಸ್ತ್ರಿ ಮುರಿಯದ ಅಂಗಿ, ಸೊಂಟದಲ್ಲಿ ಹೊಳೆಯುವ ಚರ್ಮದ ಚೀಲದಲ್ಲಿ ಪಿಸ್ತೂಲು. ಮೈದಾನದ ಸುತ್ತ ನಿಂತವರಲ್ಲಿ ನನ್ನ ಗಿರಾಕಿಗಳೇ ಏಳೆಂಟು ಜನ. ಒಬ್ಬನೂ ನನ್ನ ಮುಖ ನೋಡಲಿಲ್ಲ.

ಮೊದಲು ಹಾಜಿ ಶೇರ್ ಜಮಾನ್ ಎದ್ದರು. ಕೋಲೂರಿಕೊಂಡು, ನಡುಗುವ ದನಿಯಲ್ಲಿ, "ಸಾಹೇಬ್ರೆ, ನನ್ನ ಮಗನ್ನ ಕೊಂದೋನು ಸಿಕ್ಕಿದ್ದಾನೆ. ಇನ್ನೂ ಯಾಕೆ ತಡ? ನಾನು ಸಾಯೋಕೆ ಮುಂಚೆ ಅವನು ಸಾಯ್ಬೇಕು," ಎಂದರು.

ಜನ ಹೌದು ಹೌದು ಎಂದರು. ಸಾಹೇಬ ಎದೆಯ ಮೇಲೆ ಕೈಯಿಟ್ಟು, "ಹಾಜಿ ಸಾಹೇಬ್ರೆ, ಇದು ನನ್ನ ಮಾತು," ಎಂದ.

ನಾನು ಎದ್ದೆ. ಮೈಕು ಕೊಡಲಿಲ್ಲ. ನನಗೆ ಮೈಕು ಯಾತಕ್ಕೆ? ನಲವತ್ತು ವರ್ಷ ಸುತ್ತಿಗೆಯ ಸದ್ದಿನ ಮೇಲೆ ಕೂಗಿ ಮಾತಾಡಿದವನು ನಾನು.

"ಹಾಜಿ ಸಾಹೇಬ್ರೆ, ಆ ಪಿಸ್ತೂಲು ನಿಮ್ಮ ಮಗಂದಲ್ಲ. ನಾನು ಮಾಡಿದ್ದು. ನಿಮ್ಮ ಮಗಂದನ್ನ ನೋಡ್ಕೊಂಡು ಮಾಡಿದ್ದು. ನಂಬರೂ ನಾನೇ ಕೆತ್ತಿದ್ದು, ಗೀರೂ ನಾನೇ ಕೆತ್ತಿದ್ದು. ಅಂಥವು ನೂರಾರು ಮಾಡಿದ್ದೀನಿ. ಲೈಸೆನ್ಸ್ ಇಲ್ದೇ ಮಾಡಿದ್ದೀನಿ. ಬರ್ಕೊಳ್ಳಿ, ನನ್ನ ಹಿಡ್ಕೊಂಡು ಹೋಗಿ!"

"ಕೂತ್ಕೊಳ್ಳೋ ಮುದುಕಾ," ಎಂದ ಸಾಹೇಬ. "ನೂರಾರು ಇದ್ರೆ ಒಂದಾದ್ರೂ ತೋರ್ಸು. ನಿನ್ನ ಮನೇದಲ್ಲ. ಬೇರೆಯವರ ಕೈಲಿರೋದು."

ನಾನು ಸುತ್ತ ನಿಂತವರ ಕಡೆ ತಿರುಗಿದೆ. "ಕೇಳಿಸ್ತೇನ್ರೋ? ತೋರ್ಸಿ! ಅಂಗಿ ಕೆಳಗಿರೋದನ್ನ ತೆಗೀರಿ. ಬಕ್ತ್ ಮುನೀರ್ ನಿಮ್ಮ ಅಣ್ಣ ತಮ್ಮ ಅಲ್ವೇನ್ರೋ? ನಾಳೆ ಇದೇ ಗತಿ ನಿಮಗೂ ಬರುತ್ತೆ!"

ಒಬ್ಬ ಬೂಟು ನೋಡಿಕೊಂಡ. ಒಬ್ಬ ಆಕಾಶ ನೋಡಿದ. ನನ್ನ ಕಣ್ಣಿನಲ್ಲಿ ನೀರು ಬಂತು. ದುಃಖದಿಂದಲ್ಲ, ಸಿಟ್ಟಿನಿಂದ. ಸಾಹೇಬ ನಗುತ್ತ, ನನ್ನನ್ನು ಹೊರಗೆ ಹಾಕಿ ಎಂದು ಕೈಸನ್ನೆ ಮಾಡಲು ಕುರ್ಚಿಯಲ್ಲಿ ವಾಲಿದ. ಆಗ ಅವನ ಸೊಂಟದ ಚೀಲದಿಂದ ಪಿಸ್ತೂಲಿನ ಹಿಡಿ ಹೊರಗೆ ಇಣುಕಿತು.

ತಾಯಿಗೆ ಮಗುವಿನ ಗುರುತು ಹೇಳಬೇಕೇ? ಚೀನಾ ಮಾಲಿನ ಹಾಗೆ ಹಿಡಿಯ ಮೇಲೆ ಕೆತ್ತುವ ನಕ್ಷತ್ರದ ಒಂದು ಮೂಲೆ ನನ್ನ ಕೈಯಲ್ಲಿ ಯಾವಾಗಲೂ ಸ್ವಲ್ಪ ಗಿಡ್ಡವಾಗುತ್ತದೆ.

"ಸಾಹೇಬ್ರೆ, ನಿಮ್ಮ ಸೊಂಟದಲ್ಲಿರೋದು ಸರ್ಕಾರಿ ಮಾಲಾ?"

"ನನ್ನ ಸ್ವಂತದ್ದು. ಅಸಲಿ ಚೀನಾದ್ದು," ಎಂದುಬಿಟ್ಟ, ಜಂಬದಲ್ಲಿ. ಆಮೇಲೆ ನಾಲಿಗೆ ಕಚ್ಚಿಕೊಂಡ. ಸ್ವಂತದ್ದು ಎಂಬ ಮಾತು ಮೈಕಿನಲ್ಲಿ ಮೈದಾನವೆಲ್ಲ ಕೇಳಿಸಿತ್ತು.

"ಅಸಲಿಯಾಗಿದ್ರೆ ತೆಗೆದು ನಂಬರು ಓದಿ. ನಾನು ಓದು ಬಾರದವನು. ನೀವೇ ಓದಿ."

"ಹುಚ್ಚು ಮುದುಕ! ಇವನನ್ನ ಹೊರಗೆ ಹಾಕ್ರೋ."

ಇಬ್ಬರು ನನ್ನ ತೋಳು ಹಿಡಿದರು. ಆಗ ಹಾಜಿ ಶೇರ್ ಜಮಾನ್ ಕೋಲಿನಿಂದ ನೆಲಕ್ಕೆ ಬಡಿದರು.

"ಬಿಡ್ರೋ ಅವನ್ನ. ಸಾಹೇಬ್ರೆ, ಮಗನ್ನ ಕಳ್ಕೊಂಡೋನು ನಾನು. ತೋರ್ಸಿ ಅಂತ ನಾನು ಕೇಳ್ತಾ ಇದ್ದೀನಿ."

ಬಿಳಿ ಗಡ್ಡದ ಹಿರಿಯರು ಅಷ್ಟು ಜನರ ಮುಂದೆ ಕೈ ಚಾಚಿ ನಿಂತರೆ ನಮ್ಮ ನೆಲದಲ್ಲಿ ಯಾವ ಸಾಹೇಬನೂ ಇಲ್ಲ ಎನ್ನಲಾರ. ಅಂದವನು ನಾಳೆಯಿಂದ ತಲೆಯೆತ್ತಿ ರಸ್ತೆಯಲ್ಲಿ ಓಡಾಡುವ ಹಾಗಿಲ್ಲ. ಸಾಹೇಬ ಗುಂಡು ತೆಗೆದಿಟ್ಟು ಪಿಸ್ತೂಲನ್ನು ಅವರ ಕೈಗೆ ಕೊಟ್ಟ. ಹಾಜಿಯವರು ಅದನ್ನು ಕಣ್ಣಿನ ಹತ್ತಿರ ಹಿಡಿದರು. ನಂಬರು ಅವರಿಗೂ ಕಾಣಿಸಲಿಲ್ಲ. ಬೆರಳಿಂದ ತಡವಿದರು. ಬೆರಳು ಒಂದು ಕಡೆ ನಿಂತಿತು.

"ಇದೂ ನನ್ನ ಮಗಂದೇ," ಎಂದರು ಮೆಲ್ಲಗೆ. ಆಮೇಲೆ ತಲೆಯೆತ್ತಿ, "ಸಾಹೇಬ್ರೆ, ಹಂಗಾದ್ರೆ ನನ್ನ ಮಗನ್ನ ನೀವೂ ಕೊಂದ್ರಾ?" ಎಂದರು.

ಸಾಹೇಬನ ಮುಖ ಸುಣ್ಣವಾಯಿತು. ಶಾಲೆಯ ಮಾಸ್ತರರೊಬ್ಬರು ಮುಂದೆ ಬಂದು ಗಟ್ಟಿಯಾಗಿ ಓದಿದರು: ಮೂರು, ಒಂದು, ಸೊನ್ನೆ, ಎಂಟು, ಐದು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಮೈದಾನದ ಅಂಚಿನಿಂದ ಒಬ್ಬ ಪೊಲೀಸ್ ಬಂದು ತನ್ನ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಇನ್ನೊಬ್ಬ ಬಂದ. ಏಳು ಪಿಸ್ತೂಲು ಸಾಲಾಗಿ ಬಿದ್ದವು. ಏಳಕ್ಕೂ ಅದೇ ನಂಬರು, ಅದೇ ಗೀರು. ಕಳ್ಳ ನನ್ನ ಮಕ್ಕಳು! ಸಾಹೇಬನ ಮಾನ ಹೋದ ಮೇಲೆ ಇವರಿಗೆ ಧೈರ್ಯ ಬಂತು. ಒಬ್ಬ ನನ್ನ ಭುಜದ ಮೇಲೆ ಕೈಯಿಟ್ಟ. ಕೈ ತೆಗೀ ಎಂದೆ.

ಮೂರನೇ ದಿನ ಬಕ್ತ್ ಮುನೀರ್ ಬಿಡುಗಡೆಯಾಗಿ ಬಂದ. ಬೆನ್ನಿನ ಮೇಲೆ ಹೊಡೆತದ ಪಟ್ಟೆ ಪಟ್ಟೆ. ಕ್ಷಮಿಸು ಎಂದು ಯಾರೂ ಹೇಳಲಿಲ್ಲ. ಅವನ ಪಿಸ್ತೂಲು ವಾಪಸು ಕೊಡಲಿಲ್ಲ. ಮತ್ತೆ ಅದೇ ಸ್ಪಿನ್ ತಂಗೈ ನಾಕಾಕ್ಕೆ ಹಾಕಿ ಕೈಗೆ ಕೊಟ್ಟದ್ದು ಯಾವುದು? ಅದೇ ರೈಫಲ್ಲು! ಕಚ್ಚಿಕೊಂಡ ಗುಂಡನ್ನು ಕಿತ್ತು, ಎಣ್ಣೆ ಹಚ್ಚಿ, ಹೊಸದರಂತೆ ಸಹಿ ಹಾಕಿಸಿಕೊಂಡು ಕೊಟ್ಟರು. ನನ್ನ ಅಂಗಡಿಗೆ ಬೀಗ ಬಿತ್ತು, ಮೇಲೆ ಅರಗಿನ ಮುದ್ರೆ. ಮನೆಯಲ್ಲಿ ಕುಳಿತೆ.

ಹಾಜಿ ಶೇರ್ ಜಮಾನ್ ಒಂದು ದಿನ ಬಂದರು. "ಉಸ್ತಾದ್, ನನ್ನ ಮಗಂದು ಇನ್ನು ಸಿಗಲ್ಲ. ಗೀರಿರೋದು ಒಂದು ಮಾಡ್ಕೊಡ್ತೀಯಾ? ಮನೇಲಿ ಇಟ್ಕೊಳ್ತೀನಿ," ಎಂದರು. ಗುಂಡು ಹಾರದ ಹಾಗೆ ಒಂದು ಮಾಡಿಕೊಟ್ಟೆ. ಅವರ ಮುಖ ನೋಡಲು ನನಗಾಗಲಿಲ್ಲ.

ಅದಾದ ಹದಿನೈದು ದಿನಕ್ಕೆ ದೊಡ್ಡ ಸಾಹೇಬನ ಆಳೊಬ್ಬ ಶಾಲಿನೊಳಗೆ ಒಂದು ಗಂಟು ಮುಚ್ಚಿಕೊಂಡು ನನ್ನ ಮನೆಗೆ ಬಂದ. ಬಿಚ್ಚಿದರೆ ಸಾಹೇಬನ ಪಿಸ್ತೂಲು.

"ಉಸ್ತಾದ್, ಸಾಹೇಬ್ರು ಹೇಳಿದ್ದಾರೆ, ಈ ನಂಬರು ಉಜ್ಜಿಬಿಟ್ಟು ಬೇರೆ ಕೆತ್ತಬೇಕಂತೆ. ಗೀರೂ ಹೋಗ್ಬೇಕಂತೆ. ಗುಟ್ಟಾಗಿ."

ನಾನು ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದೆ. "ಯಾಕೆ? ಸಾಹೇಬ್ರಿಗೆ ಸರ್ಕಾರಿ ಪಿಸ್ತೂಲಿಲ್ವಾ?"

"ಇದೆ. ಅದು..." ಎಂದು ಅವನು ನಕ್ಕ. "ನಿಮಗೆ ಗೊತ್ತಲ್ಲ ಉಸ್ತಾದ್."

ನನಗೆ ಗೊತ್ತಿತ್ತು. ರಕ್ತ ತಲೆಗೇರಿತು. "ಸ್ಪಿನ್ ತಂಗೈಗೆ ನಾಲ್ಕು ಹೊಸ ರೈಫಲ್ಲು ಕಳಿಸೋಕೆ ಹೇಳು. ಆಮೇಲೆ ಕೆತ್ತೀನಿ."

"ಅದು ಸಾಹೇಬ್ರ ಕೈಲಿಲ್ಲ ಉಸ್ತಾದ್. ಮೇಲಿಂದ ಬರ್ಬೇಕು."

"ಬಂಗಲೆ ಗೇಟಲ್ಲಿರೋವು ಎಲ್ಲಿಂದ ಬಂದ್ವು? ಸರಿ, ಅದು ಕೈಲಿಲ್ಲ. ನನ್ನ ಅಳಿಯನ ಪಿಸ್ತೂಲು ಕೈಲಿದೆಯಲ್ಲ? ಅದು ಇಲ್ಲಿ ಬರ್ಲಿ, ಇದು ಅಲ್ಲಿ ಹೋಗ್ಲಿ."

ಮರುದಿನವೇ ಬಂತು. ಕಾಗದವಿಲ್ಲ, ಸಹಿಯಿಲ್ಲ, ವಿಚಾರಣೆಯಿಲ್ಲ. ಮೊದಲೇ ಇಷ್ಟು ಸಲೀಸಾಗಿ ಕೊಡಬಹುದಿತ್ತು.

ಸಾಹೇಬನ ಪಿಸ್ತೂಲಿನ ಹಳೆಯ ನಂಬರನ್ನು ಅರ ಹಾಕಿ ಉಜ್ಜಿದೆ. ಗೀರು ಹೋಯಿತು. ಬಸ್‌ಮೀನಾಳನ್ನು ಕರೆದು, "ನಿನ್ನ ಗಂಡನ ರೈಫಲ್ಲಿನ ನಂಬರು ಓದಿ ಇಲ್ಲಿ ಬರೆದುಕೊಡು," ಎಂದೆ. ನಾಕಾಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದ ಬಕ್ತ್ ಮುನೀರ್ ಅದನ್ನು ಗೋಡೆಗೆ ಒರಗಿಸಿಟ್ಟಿದ್ದ. ಅವಳು ಬಾಗಿ ನೋಡಿ, ಒಂದೊಂದೇ ಅಂಕಿಯನ್ನು ಓದಿ ಹೇಳಿ ದೊಡ್ಡದಾಗಿ ಬರೆದುಕೊಟ್ಟಳು. ನಾನು ಉಳಿ ತೆಗೆದುಕೊಂಡು, ನನ್ನ ಜನ್ಮದಲ್ಲೇ ಮೊದಲ ಸಲ ಏನೆಂದು ಅರ್ಥ ಮಾಡಿಕೊಂಡು ಒಂದು ನಂಬರು ಕೆತ್ತಿದೆ.

ಸಾಹೇಬನಿಗೆ ಬಹಳ ಇಷ್ಟವಾಯಿತಂತೆ. ಈಗಲೂ ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಾನೆ. ಅದರ ಮೇಲಿರುವುದು ನನ್ನ ಅಳಿಯನ ಕೈಯಲ್ಲಿ ಎರಡನೇ ಗುಂಡಿಗೇ ಕಚ್ಚಿಕೊಂಡ ಸರ್ಕಾರಿ ರೈಫಲ್ಲಿನ ನಂಬರು.